ವಿಧೇಯತೆ ಮತ್ತು ವಿವೇಕ

ಕೃಷ್ಣರಾಜಪುರದ ತೂಗುಸೇತುವೆಯ ಬಳಿ ಸಂಚಾರ ಪೊಲೀಸರೊಬ್ಬರು ಕೈಯೆತ್ತಿದರೆ ಸಾಕು, ಸಾಲುಗಟ್ಟಿದ ವಾಹನಗಳೆಲ್ಲ ನಿಲ್ಲುತ್ತವೆ. ಅವರ ಹೆಸರೇನೆಂದು ಯಾರೂ ಕೇಳುವುದಿಲ್ಲ, ಸಮವಸ್ತ್ರವೊಂದೇ ಸಾಕು. ಈ ವಿಧೇಯತೆಯಿಲ್ಲದೆ ನಗರಜೀವನವು ಒಂದು ದಿನವೂ ಸಾಗದು.

ಆದರೆ ಅದೇ ಸಮವಸ್ತ್ರವನ್ನು ವಂಚಕನೂ ತೊಡಬಲ್ಲನು. ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಮೋಸವು ಹಬ್ಬಿದೆ. ಪೊಲೀಸ್ ಅಧಿಕಾರಿಯ ವೇಷದವನು ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡು, “ನಿಮ್ಮ ಮೇಲೆ ಮೊಕದ್ದಮೆಯಿದೆ, ಯಾರಿಗೂ ಹೇಳಬೇಡಿ” ಎಂದು ಗದರಿಸುತ್ತಾನೆ. ನಮ್ಮ ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ. ಆದರೂ ಬಹಳ ಓದಿದವರೂ ತಮ್ಮ ಮನೆಯಲ್ಲೇ ಸೆರೆಯಾಳುಗಳಂತೆ ಕುಳಿತು, ಜೀವಮಾನದ ಉಳಿತಾಯವನ್ನು ಅವನು ಹೇಳಿದ ಖಾತೆಗೆ ಕಳುಹಿಸಿದ್ದಾರೆ.

ಮನುಷ್ಯನು ಹೀಗೇಕೆ ಮಣಿಯುತ್ತಾನೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಮನಶ್ಶಾಸ್ತ್ರಜ್ಞರು 1961ರಲ್ಲಿ ಇದನ್ನು ಪರೀಕ್ಷಿಸತೊಡಗಿದರು. ಪಕ್ಕದ ಕೋಣೆಯಲ್ಲಿದ್ದವನು ಉತ್ತರ ತಪ್ಪಿದಾಗಲೆಲ್ಲ ಗುಂಡಿಯೊತ್ತಿ ಅವನಿಗೆ ವಿದ್ಯುತ್ತಿನ ಆಘಾತ ನೀಡಬೇಕೆಂಬುದು ಆಜ್ಞೆ. ಆಘಾತವು 15 ವೋಲ್ಟಿನಿಂದ ಸ್ವಲ್ಪಸ್ವಲ್ಪವಾಗಿ 450 ವೋಲ್ಟಿಗೆ ಏರುತ್ತಿತ್ತು. ವಾಸ್ತವವಾಗಿ ಯಾರಿಗೂ ಆಘಾತ ತಗಲುತ್ತಿರಲಿಲ್ಲ. ಗುಂಡಿಯೊತ್ತುವವರಿಗೆ ಅದು ತಿಳಿದಿರಲಿಲ್ಲ. 40 ಮಂದಿಯಲ್ಲಿ 26 ಮಂದಿ ಕೊನೆಯ ಗುಂಡಿಯನ್ನೂ ಒತ್ತಿದರು! ಅವರೇನೂ ಕ್ರೂರಿಗಳಲ್ಲ, ಹಲವರು ಬೆವರಿದರು, ನಡುಗಿದರು. ಆದರೂ ‘ಹೊಣೆ ಹೇಳಿದವರದು, ನನ್ನದಲ್ಲ’ ಎಂಬ ಭಾವನೆ ಅವರ ಕೈಯನ್ನು ನಡೆಸಿತು. ಮೊದಲ ಚಿಕ್ಕ ಹೆಜ್ಜೆಗೆ ಒಪ್ಪಿದವನಿಗೆ ಮುಂದಿನ ಹೆಜ್ಜೆಯಲ್ಲಿ ನಿಲ್ಲುವುದು ಕಷ್ಟವಾಯಿತು.

ಇನ್ನೊಂದು ಪ್ರಯೋಗದಲ್ಲಿ ಜೊತೆಗೆ ಕುಳಿತ ಇಬ್ಬರು ‘ನಾವು ಮಾಡೆವು’ ಎಂದು ನಡುವೆಯೇ ಹಿಂದೆ ಸರಿದರು. ಆಗ 40 ಮಂದಿಯಲ್ಲಿ 36 ಮಂದಿ ಕೊನೆ ಮುಟ್ಟುವ ಮೊದಲೇ ನಿಲ್ಲಿಸಿದರು. ಕೆಲವರ ಧೈರ್ಯವು ಹಲವರ ವಿವೇಕವನ್ನು ಎಚ್ಚರಿಸಿತು.

ನಾನು ಉಪಾಧ್ಯಾಯನಾಗಿದ್ದಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ರಜೆಯ ಅರ್ಜಿಯನ್ನು ಕಲಿಸುತ್ತ, ಕರಿಹಲಗೆಯ ಮೇಲೆ ‘ತಮ್ಮ ವಿದೇಯ ವಿದ್ಯಾರ್ಥಿ’ ಎಂದು ಬರೆದುಬಿಟ್ಟೆ. ತರಗತಿಯೆಲ್ಲ ಮರುಮಾತಿಲ್ಲದೆ ಹಾಗೆಯೇ ಬರೆದುಕೊಂಡಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದುನಿಂತು, “ಸಾರ್, ಅಲ್ಲಿ ಮಹಾಪ್ರಾಣ ಬೇಡವೇ?” ಎಂದಳು. ಕೂಡಲೇ ನಾಲ್ವರು, “ನಮಗೂ ಹಾಗೆಯೇ ತೋರಿತು ಸಾರ್” ಎಂದರು. ತೋರಿದ್ದು ಹಲವರಿಗೆ, ಕೇಳಿದ್ದು ಒಬ್ಬಳೇ.

ವಿದ್ಯಾರ್ಥಿಗಳೇ, ಹಿರಿಯರನ್ನೂ ಕಾನೂನನ್ನೂ ಗೌರವಿಸಿರಿ. ಆದರೆ ಆಜ್ಞೆಯ ಹಿಂದೆ ನ್ಯಾಯವಿದೆಯೇ ಎಂದು ವಿನಯದಿಂದ ಕೇಳುವ ಅಭ್ಯಾಸವನ್ನು ಬಿಡಬೇಡಿರಿ. ನಿಜವಾದ ಅಧಿಕಾರವು ಪ್ರಶ್ನೆಗೆ ಅಂಜುವುದಿಲ್ಲ. ‘ಯಾರಿಗೂ ಹೇಳಬೇಡ’ ಎಂಬ ಆಜ್ಞೆ ಬಂದರೆ, ಮೊದಲು ಮನೆಯವರಿಗೆ ಹೇಳಿರಿ. ಹಣ ಕಳೆದುಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿಸಿರಿ. ಆಜ್ಞೆ ಯಾರದೇ ಆಗಿರಲಿ, ಅದನ್ನು ನಡೆಸುವ ಕೈ ನಮ್ಮದು ಎಂಬುದನ್ನು ಮರೆಯಬಾರದು.