ಹುಳ ಸಾಕೋರ ಮಗಳಿಗೆ ಜೀವಕೋಶ ಸಾಕೋಕೆ ಬರಲ್ವಂತೆ!

ಗೆಳೆಯರೇ, ಸ್ವಲ್ಪ ಸಿಟ್ಟಲ್ಲೇ ಬರೀತಿದೀನಿ. ಮಾಗಡಿ ಕಡೆಯ ನಮ್ಮ ಚಿಕ್ಕಪ್ಪನ ಮಗಳು ಬಿ.ಎಸ್ಸಿ. ಓದ್ತಿದಾಳೆ. ಸೆಲ್ ಕಲ್ಚರ್ ಕಲೀಬೇಕು ಅಂದಿದ್ದಕ್ಕೆ "ಹಳ್ಳಿಯವರಿಗೆ ಆ ಶುಚಿತ್ವ ಎಲ್ಲ ಒಗ್ಗಲ್ಲಮ್ಮ, ಇಂಗ್ಲಿಷ್ ಬೇರೆ ಬೇಕು" ಅಂದ್ರಂತೆ ಮೇಷ್ಟ್ರೊಬ್ಬರು.

ಶುಚಿತ್ವ?! ರಾಮನಗರದ ಮಾರುಕಟ್ಟೆಗೆ ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ಗೂಡು ತರೋರ ಹುಳದ ಮನೆ ಒಂದ್ಸಲ ನೋಡಿ ಬನ್ನಿ ಸ್ವಾಮಿ. ಬೆಳೆ ಬೆಳೆಗೂ ಬ್ಲೀಚಿಂಗ್ ಪುಡಿಯಲ್ಲಿ ತೊಳೀತಾರೆ. ಚಾಕಿ ಕೋಣೆಗೆ ಹೊರಗಿನ ಚಪ್ಪಲಿ ಇಲ್ಲ, ಕೈ ತೊಳೀದೆ ತಟ್ಟೆ ಮುಟ್ಟೋ ಹಾಗಿಲ್ಲ. ಹಾಲುತೊಂಡೆ ಬಂದ ಹುಳ ಕಂಡರೆ ಕಡ್ಡೀಲಿ ಎತ್ತಿ ಸುಣ್ಣ, ಬ್ಲೀಚಿಂಗ್ ಕಲಸಿದ ನೀರಿಗೆ! ಲ್ಯಾಬಿನಲ್ಲಿ ಮಾಡೋದೂ ಇದನ್ನೇ. ಫಿಲ್ಟರ್ ಆದ ಗಾಳಿಯ ಹುಡ್ ಒಳಗೆ ಕೆಲಸ, 70% ಆಲ್ಕೋಹಾಲಿನಲ್ಲಿ ಒರೆಸೋದು (100% ಅಲ್ಲ, ಕ್ರಿಮಿ ಸಾಯೋಕೆ ನೀರಿನಂಶವೂ ಬೇಕು), ತೆರೆದ ಬಾಟಲಿ ಮೇಲೆ ಕೈ ಹಾಯಿಸದಿರೋದು, ಎರಡು ಬಗೆಯ ಕೋಶ ಒಟ್ಟಿಗೆ ತೆರೆಯದಿರೋದು. ಈ ಕೊನೇದನ್ನ ದೊಡ್ಡ ದೊಡ್ಡ ಲ್ಯಾಬಿನವರೇ ಮರೆತಿದ್ರು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಪರೀಕ್ಷಿಸಿದಾಗ, ಬೇರೆ ಬೇರೆ ಅಂದುಕೊಂಡಿದ್ದ 18 ಸೆಲ್ ಲೈನ್‌ಗಳಲ್ಲೂ ಹೇಲಾ ಕೋಶದ ಗುರುತೇ ಸಿಕ್ತು. ಅವರ್ಯಾರೂ ಮಾಗಡಿಯವರಲ್ಲ :)

ಕೆಲವರು ಕೊಳಕು ಮುಚ್ಚೋಕೆ ಪೆನಿಸಿಲಿನ್ ಸುರೀತಾರೆ. ಮೈಕೋಪ್ಲಾಸ್ಮಾಗೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್ ಏನು ಮಾಡುತ್ತೆ? ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಅದು ಕಾಣೋದೂ ಇಲ್ಲ.

"ಉಪಕರಣ ದುಬಾರಿ" ಅನ್ನೋದು ಇನ್ನೊಂದು ನೆಪ. ಮನುಷ್ಯರ, ಇಲಿಗಳ ಕೋಶಕ್ಕೆ 37 ಡಿಗ್ರಿ, 5% ಇಂಗಾಲದ ಡೈಆಕ್ಸೈಡ್ ಬೇಕು, ಒಪ್ಪಿದೆ. ಆದರೆ ಕೀಟದ ಕೋಶಕ್ಕೆ 27 ಡಿಗ್ರಿ ಸಾಕು, ಆ ಅನಿಲವೇ ಬೇಡ. ಚಾಕಿ ಹುಳಕ್ಕೂ ಹೆಚ್ಚುಕಮ್ಮಿ ಅದೇ ಶಾಖ! 1962ರಲ್ಲಿ ಆಸ್ಟ್ರೇಲಿಯಾದ ಗ್ರೇಸ್ ಕೀಟಕೋಶಗಳನ್ನ ಮೊದಲ ಬಾರಿ ಹೀಗೆ ನಿರಂತರ ಬೆಳೆಸಿದ್ದು ಪತಂಗದ ಅಂಡಾಶಯದಿಂದ. ನಮ್ಮ ಹಿಪ್ಪುನೇರಳೆ ರೇಷ್ಮೆಹುಳದ್ದೇ ಅಂಡಾಶಯದ ಬಿಎಂಎನ್ ಅನ್ನೋ ಸೆಲ್ ಲೈನ್ ಇದೆ, ಹಾಲುತೊಂಡೆಯ ವೈರಸ್ ಅದರಲ್ಲೇ ಬೆಳೆಸಿ ನೋಡ್ತಾರೆ. ಈ ಸೀಮೆಯ ಮಕ್ಕಳು ಕಲೀಬೇಕಾದ್ದು ಇದನ್ನಲ್ಲದೆ ಇನ್ನೇನನ್ನ?

ಇನ್ನು ಇಂಗ್ಲಿಷು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು ರೋಗ ಅಂತ ಹೆಸರಿಟ್ಟವರು ಯಾವ ನಿಘಂಟು ಸಮಿತಿಗೂ ಕಾಯಲಿಲ್ಲ. ಟ್ರಿಪಾನ್ ಬ್ಲೂ ಹಾಕಿದರೆ ಸತ್ತ ಕೋಶ ನೀಲಿಯಾಗುತ್ತೆ. ಎಣಿಕೆ ಗಾಜಿನ ಮೂಲೆಯ ದೊಡ್ಡ ಚೌಕಗಳ ಸರಾಸರಿಯನ್ನ 10,000ದಿಂದ, ಬಣ್ಣ ಬೆರೆಸಿ ಎಷ್ಟು ಪಟ್ಟು ತೆಳು ಮಾಡಿದ್ರೋ ಅದರಿಂದ ಗುಣಿಸಿದರೆ ಒಂದು ಮಿ.ಲೀ.ಗೆ ಎಷ್ಟು ಅಂತ ಸಿಗುತ್ತೆ. ಮುಗೀತು, ಕನ್ನಡದಲ್ಲೇ ಹೇಳಾಯ್ತಲ್ಲ!

ಕೋಡ್ ಬರೆಯೋ ನನಗೆ ಇಷ್ಟು ಸಾಧ್ಯವಾದರೆ, ದಿನಾ ಹುಡ್ ಮುಂದೆ ಕೂರೋ ಬ್ಲಾಗಿಗರೇ, ನೀವು ಇನ್ನೂ ಮಳೆ, ವಿರಹದ ಬಗ್ಗೇನೇ ಬರೀತೀರಾ?