ಒಂದೇ ಎಂಜಿನ್, ದ್ವಿಪಾತ್ರ!

ಹೋದ ವಾರ ಬಸ್ ಸ್ಟ್ಯಾಂಡ್ ಕ್ಯಾಂಟೀನಿನಲ್ಲಿ ಟೀ ಹೀರುತ್ತಾ ಕೂತಿದ್ದೆ. ಹಾಸನದ ಕಡೆಯ ಹುಡುಗನೊಬ್ಬ ಬಂದು ಎದುರಿಗೆ ಕುಳಿತ. ಈ ಅಂಕಣದ ಖಾಯಂ ಗಿರಾಕಿಯಂತೆ. ಯಾವ ನಟಿಯ ವಿಳಾಸ ಕೇಳ್ತಾನೋ ಅಂದುಕೊಂಡರೆ, ಜೇಬಿನಿಂದ ಎರಡು ಬಣ್ಣದ ಕಾಗದ ತೆಗೆದು ಮೇಜಿನ ಮೇಲೆ ಹರಡಿದ! ಒಂದರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಇನ್ನೊಂದರಲ್ಲಿ ಅದೇ ಕಂಪನಿಯ ಮೀಟಿಯಾರ್ 350.

"ಅಣ್ಣಾ, ಮೂರು ವರ್ಷ ಚೀಟಿ ಕಟ್ಟಿದ ದುಡ್ಡು. ಒಂದೇ ಸಲ ತಗೊಳ್ಳೋದು. ಯಾವುದು ತಗೊಳ್ಲಿ?"

ಬೈಕಿನ ಹುಚ್ಚು ನಮಗೆ ಹತ್ತಿದ್ದೇ ಸಿನಿಮಾದಿಂದ. 1976ರ 'ನಾ ನಿನ್ನ ಮರೆಯಲಾರೆ'ಯಲ್ಲಿ ಅಣ್ಣಾವ್ರು ಬೈಕ್ ರೇಸುಗಾರ. ಲಕ್ಷ್ಮಿಯವರನ್ನು ಹಿಂದೆ ಕೂರಿಸಿಕೊಂಡು ಅವರು ಹೋಗುವ ಗತ್ತು ನೋಡಿದವನಿಗೆ ಸೈಕಲ್ ಪೆಡಲ್ ತುಳಿಯೋಕೆ ಮನಸ್ಸು ಬರುತ್ತಾ? ಅದಕ್ಕೂ ಮೊದಲೇ, 1969ರಲ್ಲಿ, ಅಮೆರಿಕಾದ 'ಈಜಿ ರೈಡರ್' ಬಂದಿತ್ತು. ಪೀಟರ್ ಫೋಂಡಾ ಎತ್ತರದ ಹ್ಯಾಂಡಲ್ ಹಿಡಿದು, ಕಾಲು ಮುಂದಕ್ಕೆ ಚಾಚಿ, ಆರಾಮ ಕುರ್ಚಿಯಲ್ಲಿ ಕೂತವನ ಹಾಗೆ ಹೋಗ್ತಾನೆ. ಕ್ರೂಸರ್ ಅಂದರೆ ಇವತ್ತಿಗೂ ಜನ ಹುಡುಕೋದು ಅದನ್ನೇ. ಆದರೆ ಒಂದು ಮಾತು, ತೆರೆಯ ಮೇಲೆ ಹೀರೋನ ಬೈಕು ಪಂಕ್ಚರ್ ಆಗೋದಿಲ್ಲ, ಅವನ ಅಮ್ಮ ಹಿಂದೆ ಕೂರೋದಿಲ್ಲ!

ಈ ಎರಡು ಬೈಕುಗಳದ್ದು ಪಕ್ಕಾ ದ್ವಿಪಾತ್ರದ ಕಥೆ. 2020ರ ನವೆಂಬರಿನಲ್ಲಿ ಮೀಟಿಯಾರ್ ಬಂತು. 2021ರ ಸೆಪ್ಟೆಂಬರಿನಲ್ಲಿ ಅದೇ ಎಂಜಿನ್ ಹೊತ್ತು ಹೊಸ ಕ್ಲಾಸಿಕ್ ಬಂತು. ಎರಡಕ್ಕೂ 349 ಸಿ.ಸಿ., ಎರಡಕ್ಕೂ 20.2 ಕುದುರೆ ಶಕ್ತಿ, ಎರಡಕ್ಕೂ ಐದು ಗೇರು. (ಸೆಕೆಂಡ್ ಹ್ಯಾಂಡ್ ನೋಡುವವರು ಎಚ್ಚರ! 2021ಕ್ಕೆ ಹಿಂದಿನ ಕ್ಲಾಸಿಕ್‌ನಲ್ಲಿ ಇರೋದು 346 ಸಿ.ಸಿ.ಯ ಹಳೆ ಎಂಜಿನ್. ಹೆಸರು ಒಂದೇ, ಒಳಗಿನ ಆಸಾಮಿ ಬೇರೆ.) ಆದ್ದರಿಂದ 'ಯಾವುದಕ್ಕೆ ಪಿಕಪ್ ಜಾಸ್ತಿ' ಅಂತ ಗೆಳೆಯರ ಜೊತೆ ಬೆಟ್ ಕಟ್ಟೋದು ದಂಡ. ವ್ಯತ್ಯಾಸ ಇರೋದು ಕೂರುವ ಜಾಗದಲ್ಲಿ.

ಮೀಟಿಯಾರ್ ಸೀಟು ನೆಲದಿಂದ 765 ಮಿಲಿಮೀಟರ್, ಕ್ಲಾಸಿಕ್ 805. ಬರೀ ಒಂದೂವರೆ ಇಂಚು ಅಂತ ನಗಬೇಡಿ. ಆ ಒಂದೂವರೆ ಇಂಚಿನ ಬೆಲೆ ನನಗೆ ಗೊತ್ತು.

ನನ್ನ ಎತ್ತರ ಐದಡಿ ನಾಲ್ಕಂಗುಲ. ಕೆಲವು ವರ್ಷದ ಹಿಂದೆ ಗತ್ತಿಗೋಸ್ಕರ ಭಾರದ ಹಳೆ ಬೈಕೊಂದನ್ನು ಸಾಲ ಮಾಡಿ ತಂದೆ. ಕೊಳ್ಳುವಾಗ ಸದ್ದು ಕೇಳಿದೆ, ಟ್ಯಾಂಕ್ ಸವರಿದೆ, ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಕಾಲು ನೆಲಕ್ಕೆ ಎಟಕುತ್ತಾ ಅಂತ ನೋಡಲಿಲ್ಲ! ಒಂದು ದಿನ ಹಿಂದೆ ತಂಗಿ. ಇಳಿಜಾರಿನಲ್ಲಿ ಆಟೋ ಅಡ್ಡ ಬಂತು, ಬ್ರೇಕ್ ಹಿಡಿದು ಬಲಗಾಲು ಊರಲು ಹೋದೆ. ಹೆಬ್ಬೆರಳ ತುದಿ ಮಾತ್ರ ತಾಗಿತು. ವಾಲಲು ಶುರುವಾದ ಅಷ್ಟು ಭಾರ ಯಾರ ಮಾತು ಕೇಳುತ್ತೆ? ಬಲಕ್ಕೆ ಬಿತ್ತು. ತಂಗಿಯ ಮೀನಖಂಡದ ಮೇಲೆ ಸೈಲೆನ್ಸರ್ ಸುಟ್ಟ ಕಲೆ ಇವತ್ತಿಗೂ ಇದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಆಮೇಲೆ ಯಾರು ಕೇಳಿದರೂ ನಾನು ಹೇಳೋದು ಇಷ್ಟು: ಷೋರೂಮಿನಲ್ಲಿ ಸ್ಟ್ಯಾಂಡ್ ತೆಗೆದು ಕೂತು, ಎರಡೂ ಅಂಗಾಲು ಪೂರ್ತಿ ಊರಿ ನೋಡಿ. ಹಾಗೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಮೀಟಿಯಾರ್ 191 ಕಿಲೋ, ಕ್ಲಾಸಿಕ್ 195. ತೂಕದಲ್ಲಿ ಎರಡೂ ಒಂದೇ ಅನ್ನಿ. ಕುಳ್ಳರಿಗೆ ಮೀಟಿಯಾರ್ ಸಲೀಸು.

ಹಾಗಂತ ಮೀಟಿಯಾರ್ ದೇವಲೋಕದಿಂದ ಇಳಿದು ಬಂದಿದ್ದಲ್ಲ. ಕಾಲಿಡುವ ಜಾಗ ಮುಂದಿದೆ. ಹಳ್ಳ ಬಂದಾಗ ಕಾಲಮೇಲೆ ಭಾರ ಹಾಕಿ ಎದ್ದು ನಿಲ್ಲೋದು ಕಷ್ಟ, ಏಟೆಲ್ಲಾ ನೇರ ಬೆನ್ನುಮೂಳೆಗೆ. ನಿಮ್ಮೂರಿಗೆ ಹೋಗೋದು ಮಣ್ಣುರಸ್ತೆ ಆದರೆ ಕ್ಲಾಸಿಕ್ ವಾಸಿ, ಕಾಲು ಮೈಯ ಕೆಳಗೇ ಇರುತ್ತೆ. ಆದರೆ ಕ್ಲಾಸಿಕ್‌ನ ಹೆಚ್ಚಿನ ಮಾದರಿಗಳಲ್ಲಿ ಕಡ್ಡಿಚಕ್ರ, ಒಳಗೆ ಟ್ಯೂಬು. ಮೊಳೆ ಚುಚ್ಚಿದರೆ ಚಕ್ರ ಬಿಚ್ಚಲೇಬೇಕು. ಮೀಟಿಯಾರ್‌ಗೆ ಟ್ಯೂಬ್‌ಲೆಸ್, ಮೆಲ್ಲಗೆ ಗಾಳಿ ಬಿಡ್ತಾ ಮುಂದಿನ ಅಂಗಡಿವರೆಗೆ ಬಂದೀತು. ಟ್ಯಾಂಕಿಗೆ ಹದಿನೈದು ಲೀಟರ್ ಹಿಡಿಯುತ್ತೆ, ಕ್ಲಾಸಿಕ್‌ಗೆ ಹದಿಮೂರು.

ಇಷ್ಟು ಹೇಳೋ ಹೊತ್ತಿಗೆ ಹುಡುಗ ಇನ್ನೊಂದು ಬಾಂಬ್ ಹಾಕಿದ. "ಮೀಟಿಯಾರ್‌ನಲ್ಲೂ ಫೈರ್‌ಬಾಲ್, ಸ್ಟೆಲ್ಲಾರ್, ಸೂಪರ್‌ನೋವಾ ಅಂತ ಇದೆಯಲ್ಲಣ್ಣಾ?"

ಅದು ಬರೀ ಕಾಸ್ಟ್ಯೂಮ್ ಬದಲಾವಣೆ ಕಣಪ್ಪಾ! ಸ್ಟೆಲ್ಲಾರ್‌ಗೆ ಹಿಂದಿನವರ ಬೆನ್ನಿಗೆ ದಿಂಬು, ಸೂಪರ್‌ನೋವಾಗೆ ಅದರ ಜೊತೆ ಮುಂದೆ ಗಾಳಿತಡೆ. ಓಡೋದು ಮೂರೂ ಒಂದೇ. ಹಿಂದೆ ಕೂರೋದು ಯಾರು ಅಂತ ಕೇಳಿದೆ. ನಾಚಿಕೊಂಡು "ಅಮ್ಮ" ಅಂದ. ವಾರಕ್ಕೆರಡು ಸಲ ಸಂತೆಗೆ ಸೊಪ್ಪಿನ ಮೂಟೆ ಜೊತೆ ಹೋಗ್ತಾರಂತೆ. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರಿಗೆ ಆ ದಿಂಬು ಪಕ್ಕೆಗೆ ಒತ್ತುತ್ತೆ, ಬೆನ್ನಿಗಲ್ಲ. ಅಮ್ಮನನ್ನೇ ಷೋರೂಮಿಗೆ ಕರ್ಕೊಂಡು ಹೋಗು ಅಂದೆ.

ಬೇರೆ ಕಂಪನಿಗಳದ್ದೂ ಎರಡು ಮಾತು. ಹೋಂಡಾದ ಹೈನೆಸ್ 181 ಕಿಲೋ, ನಯವಾದ ಎಂಜಿನ್, ಆದರೆ ಸೀಟು 800. 2022ರಲ್ಲಿ ಮತ್ತೆ ಹುಟ್ಟಿ ಬಂದ ಯೆಜ್ಡಿಯ ಹೆಸರು ಕೇಳಿದರೆ ಮೈಸೂರಿನವರ ಕಣ್ಣು ಒದ್ದೆಯಾಗುತ್ತೆ. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ನೆನಪು ಅದು. ಹೊಸ ಯೆಜ್ಡಿ ನೀರಿನಿಂದ ತಂಪಾಗುವ 334 ಸಿ.ಸಿ. ಎಂಜಿನಿನದು, ವೇಗದ ಆಸೆಯವರಿಗೆ ಸರಿ. ಕಾಸು ಕಮ್ಮಿ ಇದ್ದವರು ಸೆಕೆಂಡ್ ಹ್ಯಾಂಡ್ ಬಜಾಜ್ ಅವೆಂಜರ್ ನೋಡಬಹುದು, 2005ರಿಂದ ಬಂದ ಗಾಡಿ, ಸೀಟು ಇನ್ನೂ ತಗ್ಗು. ಅಂದ ಹಾಗೆ, 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದು ದಾಟಿದರೆ 40. ಹಳೇ ರೇಟು ಹೇಳುವವನ ಮಾತಿಗೆ ತಲೆಯಾಡಿಸಬೇಡಿ.

ನಿನ್ನೆ ಹುಡುಗನ ಫೋನ್ ಬಂತು. ಅಮ್ಮ ಎರಡರ ಮೇಲೂ ಹತ್ತಿ ಇಳಿದು, ತಗ್ಗಿರೋದೇ ಸಾಕು, ದಿಂಬು ಬೇಡವೇ ಬೇಡ ಅಂದರಂತೆ. ಫೈರ್‌ಬಾಲ್ ಅಂತ ಗೊತ್ತಾಯ್ತು. ಬಣ್ಣದ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಅವನಿಗೆ ಕೆಂಪು ಬೇಕು. ಅಮ್ಮನಿಗೆ ಕಪ್ಪು, ಕೊಳೆ ಕಾಣಲ್ಲವಂತೆ.