ಲಿಪಿ ನೋಡಿ ನೆಂಟಸ್ತನ ಕಟ್ಬೇಡಿ

ರಾತ್ರಿಯೆಲ್ಲ ಅನಿಮೆ ನೋಡೋರೂ "ಜಪಾನೀಸ್, ಚೈನೀಸ್ ಎಲ್ಲಾ ಒಂದೇ" ಅಂತಾರೆ. ನಾವು ಒಪ್ಪಲ್ಲ. ಜಪಾನೀಸಿಗೆ ಅಕ್ಷರ ಚೀನಾದಿಂದ ಬಂತು, ಸಾವಿರಾರು ಪದಗಳೂ ಬಂದವು. ಆದರೆ ಭಾಷೆ ಬೇರೆ ಕುಟುಂಬದ್ದು. ಕ್ರಿಯಾಪದ ಕನ್ನಡದ ಹಾಗೆ ವಾಕ್ಯದ ಕೊನೆಗೆ ಬರುತ್ತೆ, ಚೈನೀಸಿನಲ್ಲಿ ನಡುವೆ. (ಹಾಗಂತ ಜಪಾನಿಯರು ನಮ್ಮ ನೆಂಟರು ಅಂತ ಫಾರ್ವರ್ಡ್ ಮಾಡ್ಬೇಡಿ!) ಸಂಸ್ಕೃತ ಪದಗಳು ರಾಶಿ ಇದ್ದರೂ ಕನ್ನಡ ದ್ರಾವಿಡ ಭಾಷೆಯೇ ಅಲ್ವಾ?

ಜನರೂ ಒಂದೇ ಮೂಲದವರಲ್ಲ. ಬೇಟೆಯಾಡಿ, ಮೀನು ಹಿಡಿದು ಬದುಕುತ್ತಿದ್ದ ಜೋಮೋನ್ ಜನ ಜಪಾನಿನಲ್ಲಿ ಮೊದಲೇ ಇದ್ದರು. ಸುಮಾರು 3000 ವರ್ಷಗಳ ಹಿಂದೆ ಕೊರಿಯಾ ಕಡೆಯಿಂದ ಬಂದವರು ಭತ್ತದ ಬೇಸಾಯ ತಂದರು. ಇಂದಿನ ಜಪಾನಿಯರಲ್ಲಿ ಇಬ್ಬರ ರಕ್ತವೂ ಇದೆ. ಉತ್ತರದ ಹೊಕ್ಕೈಡೋದ ಐನು ಜನರಲ್ಲಿ ಜೋಮೋನ್ ಪಾಲು ಹೆಚ್ಚು. ಅವರು ಮೂಲನಿವಾಸಿಗಳು ಅಂತ ಜಪಾನಿನ ಕಾನೂನು ಹೇಳಿದ್ದು 2019ರಲ್ಲಿ. ಅಷ್ಟೊತ್ತಿಗೆ ಮನೆಯಲ್ಲಿ ಐನು ಕಲಿತು ಬೆಳೆದವರು ಬೆರಳೆಣಿಕೆಯಷ್ಟೇ ಉಳಿದಿದ್ದರು.